ಸಿಲಿಂಡರ್ ಹೆಡ್‌ನ ಪೋರ್ಟ್: ವಿಸ್ತೀರ್ಣ, ಹರಿವು ಮತ್ತು ವೇಗದ ಒಂದು ಸಮನ್ವಯ ಪಾಠ

ತರಗತಿ: 10ನೇ ತರಗತಿ, ಕನ್ನಡ ಮಾಧ್ಯಮ
ವಿಷಯ: ಗಣಿತ ಮತ್ತು ಭೌತವಿಜ್ಞಾನ
ಘಟಕ: ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ (ಅನ್ವಯ ಪಾಠ)
ಅವಧಿ: 40 ನಿಮಿಷಗಳ ಮೂರು ಅವಧಿಗಳು
ವಿಧಾನ: ಪ್ರಾತ್ಯಕ್ಷಿಕೆ ಮತ್ತು ಗುಂಪು ಚಟುವಟಿಕೆ

ಪಾಠದ ಹಿನ್ನೆಲೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದ ಒಂದು ಪ್ರೌಢಶಾಲೆ. 10ನೇ ತರಗತಿಯಲ್ಲಿ 38 ಮಕ್ಕಳು. ವೃತ್ತದ ವಿಸ್ತೀರ್ಣ, ಸಿಲಿಂಡರಿನ ವಕ್ರ ಮೇಲ್ಮೈ ವಿಸ್ತೀರ್ಣ, ಘನಫಲ ಎಲ್ಲದರ ಸೂತ್ರವೂ ಅವರಿಗೆ ಬಾಯಿಪಾಠವಿತ್ತು. ಆದರೆ "ಈ ಸೂತ್ರ ಎಲ್ಲಿ ಉಪಯೋಗಕ್ಕೆ ಬರುತ್ತದೆ?" ಎಂದು ಕೇಳಿದರೆ "ಪರೀಕ್ಷೆಯಲ್ಲಿ ಸರ್" ಎಂಬ ಉತ್ತರ ಬಂತು. ಹಿಂದಿನ ಬೆಂಚಿನ ಒಬ್ಬ ಹುಡುಗ ಭಾನುವಾರಗಳಲ್ಲಿ ಸೋದರಮಾವನ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆಂದು ತರಗತಿ ಶಿಕ್ಷಕರು ಹೇಳಿದ್ದರು. ಗಣಿತದಲ್ಲಿ ಅವನಿಗೆ 25ಕ್ಕೆ 6 ಅಂಕ. ಅವನೂ ಬಾಯಿ ಬಿಡುವಂಥ ಒಂದು ಪಾಠ ಮಾಡಬೇಕೆಂದು ಯೋಚಿಸುವಾಗ ನಮ್ಮ ಮನೆಯ ಅಟ್ಟದ ಮೇಲಿದ್ದ ಒಂದು ಹಳೆಯ ಹೆಡ್ ನೆನಪಾಯಿತು.

ಆ ಹೆಡ್ಡಿನ ಕಥೆ ಹೇಳದೆ ಈ ಪಾಠ ಅರ್ಥವಾಗುವುದಿಲ್ಲ. ಪಿಯುಸಿ ಮುಗಿದ ಮೇಲೆ ನಾನು ಎರಡು ವರ್ಷ ಊರಿನಲ್ಲೇ ಇದ್ದೆ. ಅಪ್ಪ 100 ಸಿಸಿ ಬೈಕಿಗೆ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ದಿನಾ ಬೆಳಿಗ್ಗೆ ಪೇಟೆಯ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದರು. ಒಮ್ಮೆ ಇಂಜಿನ್ ಬಿಚ್ಚಿದಾಗ, ಹೆಡ್ಡಿನೊಳಗಿನ ಗಾಳಿದಾರಿಯನ್ನು ದೊಡ್ಡದು ಮಾಡಿದರೆ ಶಕ್ತಿ ಜಾಸ್ತಿಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಗೆಳೆಯನ ಗ್ರೈಂಡರ್ ತಂದು ಎರಡು ರಾತ್ರಿ ಕೂತು ಕೊರೆದೆ. ಒಳಗೋಡೆ ಕನ್ನಡಿಯ ಹಾಗೆ ಹೊಳೆಯುವವರೆಗೆ ಉಜ್ಜಿದೆ. ಬೈಕ್ ಶುರುವಾಯಿತು. ಆದರೆ ತುಂಬಿದ ಕ್ಯಾನ್ ಹೊತ್ತು ಪೇಟೆಯ ಏರು ಹತ್ತುವಾಗ ಪಿಕಪ್ಪೇ ಇಲ್ಲ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೆಯದು, ಕೆಲವೊಮ್ಮೆ ಒಂದನೆಯದು. ಮೈಲೇಜೂ ಇಳಿಯಿತು. ಒಂದು ದಿನ ಏರಿನಲ್ಲೇ ಬೈಕ್ ನಿಂತು ಹಾಲು ತಡವಾಗಿ, ಒಂದು ಹೋಟೆಲಿನವರು ಬೇರೆಯವರ ಹತ್ತಿರ ಹಾಲು ತೆಗೆದುಕೊಳ್ಳಲು ಶುರುಮಾಡಿದರು. ಕೊನೆಗೆ ಬೇರೆ ಹೆಡ್ ಕೂರಿಸಬೇಕಾಯಿತು. ಅಪ್ಪ ಬೈಯಲಿಲ್ಲ. ಹಳೆಯ ಹೆಡ್ಡನ್ನು ಒರೆಸಿ ಅಟ್ಟದ ಮೇಲೆ ಇಟ್ಟರು.

ಅಂದಿನಿಂದ ನಾನು ನಂಬಿದ್ದು ಒಂದೇ: "ನಾನು ಪೋರ್ಟ್ ಹಾಳುಮಾಡಿದೆ, ಅದರಲ್ಲಿ ಗಾಳಿ ಸರಿಯಾಗಿ ಹೋಗುತ್ತಿರಲಿಲ್ಲ." ಇದನ್ನೇ ಮಕ್ಕಳಿಗೆ ಅಳತೆ ಮಾಡಿ ತೋರಿಸುವುದು ನನ್ನ ಪಾಠಯೋಜನೆಯ ಮೂಲ ಉದ್ದೇಶವಾಗಿತ್ತು.

ಕಲಿಕಾ ಫಲಗಳು

ಈ ಪಾಠದ ನಂತರ ವಿದ್ಯಾರ್ಥಿಗಳು:
1. ಪೋರ್ಟಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಅಳತೆಯಿಂದ ಲೆಕ್ಕ ಹಾಕುವರು.
2. ವಾಲ್ವ್ ತೆರೆದಾಗ ಉಂಟಾಗುವ ಸಂದಿಯನ್ನು ಸಿಲಿಂಡರಿನ ವಕ್ರ ಮೇಲ್ಮೈ ಎಂದು ಗುರುತಿಸುವರು.
3. ಹರಿವು = ವಿಸ್ತೀರ್ಣ × ವೇಗ ಎಂಬ ಸಂಬಂಧವನ್ನು ಬಳಸಿ ಗಾಳಿಯ ವೇಗ ಕಂಡುಹಿಡಿಯುವರು.
4. ಅಳತೆಯ ಫಲಿತಾಂಶವನ್ನು ತಮ್ಮ ಊಹೆಯೊಂದಿಗೆ ಹೋಲಿಸಿ ತೀರ್ಮಾನಿಸುವರು.

ಕಲಿಕೋಪಕರಣಗಳು ಮತ್ತು ವೆಚ್ಚ

ಗುಜರಿಯಿಂದ ತಂದ ಅದೇ ಮಾದರಿಯ, ಯಾರೂ ಕೊರೆಯದ ಇನ್ನೊಂದು ಹೆಡ್: 250 ರೂ.
ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪ್: 60 ರೂ.
ಪಿವಿಸಿ ಪೈಪ್ ತುಂಡುಗಳು: 90 ರೂ.
ಎಂ-ಸೀಲ್: 40 ರೂ.
ಬೋಲ್ಟ್, ನಟ್: 15 ರೂ.
ಎಮರಿ ಪೇಪರ್: 30 ರೂ.
ಒಟ್ಟು: 485 ರೂ.

ವ್ಯಾಕ್ಯೂಮ್ ಕ್ಲೀನರ್ ಹಾಸ್ಟೆಲಿನಿಂದ ಎರವಲು. ಖಾಲಿ ಪೇಂಟ್ ಡಬ್ಬಿ ಎರಡು, ವರ್ನಿಯರ್ ಕ್ಯಾಲಿಪರ್ಸ್ ಶಾಲೆಯಲ್ಲೇ ಇದ್ದವು. ಅಟ್ಟದ ಹೆಡ್ಡಿಗೆ ಖರ್ಚಿಲ್ಲ. ಅದರ ಬೆಲೆ ಮೊದಲೇ ತೆತ್ತಾಗಿತ್ತು.

ಉಪಕರಣದ ಜೋಡಣೆ ಹೀಗೆ: ಹೆಡ್ಡನ್ನು ಬೋರಿನ ವ್ಯಾಸಕ್ಕೆ ಹತ್ತಿರವಾದ ಪಿವಿಸಿ ತುಂಡಿನ ಮೇಲೆ ಕೂರಿಸಿ, ಆ ತುಂಡನ್ನು ಮೊದಲ ಡಬ್ಬಿಗೆ ಜೋಡಿಸಿದೆ. ಮೊದಲ ಡಬ್ಬಿಯಿಂದ ಎರಡನೆಯದಕ್ಕೆ ಹೋಗುವ ದಾರಿಯಲ್ಲಿ ನಿಗದಿತ ಅಳತೆಯ ಒಂದು ರಂಧ್ರ. ಎರಡನೇ ಡಬ್ಬಿಗೆ ವ್ಯಾಕ್ಯೂಮ್ ಕ್ಲೀನರ್. ಗಾಳಿ ಹೊರಗಿನಿಂದ ಪೋರ್ಟ್, ವಾಲ್ವ್, ಮೊದಲ ಡಬ್ಬಿ, ರಂಧ್ರ, ಎರಡನೇ ಡಬ್ಬಿ ಈ ಕ್ರಮದಲ್ಲಿ ಸಾಗುತ್ತದೆ. ಲೆವೆಲ್ ಪೈಪಿನಿಂದ ಬಣ್ಣದ ನೀರು ತುಂಬಿದ ಎರಡು ಯು-ಕೊಳವೆಗಳು. ಮೊದಲನೆಯದು ಹೆಡ್ಡಿನಲ್ಲಿ ಇಳಿದ ಒತ್ತಡವನ್ನೂ ಎರಡನೆಯದು ರಂಧ್ರದಲ್ಲಿ ಇಳಿದ ಒತ್ತಡವನ್ನೂ ತೋರಿಸುತ್ತವೆ. ಎರಡನೇ ಡಬ್ಬಿಗೆ ಒಂದು ಸಣ್ಣ ಕಿಂಡಿ ಬಿಟ್ಟು, ಅದನ್ನು ಬೆರಳಿನಿಂದ ಮುಚ್ಚುತ್ತಾ ತೆರೆಯುತ್ತಾ ಮೊದಲ ಕೊಳವೆಯ ನೀರನ್ನು ಯಾವಾಗಲೂ 25 ಸೆಂ.ಮೀ. ವ್ಯತ್ಯಾಸಕ್ಕೇ ನಿಲ್ಲಿಸುತ್ತೇವೆ. ಆಗ ಎರಡನೇ ಕೊಳವೆಯ ವ್ಯತ್ಯಾಸದ ವರ್ಗಮೂಲವೇ ಹರಿವಿನ ಅಳತೆ. ಇದು ಲೀಟರಿನಲ್ಲಿ ಉತ್ತರ ಕೊಡುವುದಿಲ್ಲ; ಎರಡು ಹೆಡ್ಡುಗಳನ್ನು ಹೋಲಿಸಲು ಸಾಕು.

ವಾಲ್ವನ್ನು ಬೇಕಾದಷ್ಟೇ ತೆರೆಯಲು ಮೂಲ ಸ್ಪ್ರಿಂಗ್ ತೆಗೆದು ಮೆತ್ತನೆಯ ಸ್ಪ್ರಿಂಗ್ ಹಾಕಿ, ಮೇಲಿನಿಂದ ಒಂದು ಎಂ-6 ಬೋಲ್ಟ್ ಅಳವಡಿಸಿದೆ. ಸಾಮಾನ್ಯ ಎಂ-6 ಬೋಲ್ಟಿನ ಮರೆಯ ಅಂತರ 1 ಮಿ.ಮೀ. ಒಂದು ಸುತ್ತು ತಿರುಗಿಸಿದರೆ ವಾಲ್ವ್ 1 ಮಿ.ಮೀ. ಇಳಿಯುತ್ತದೆ. ಇದಕ್ಕೆ ಬೇರೆ ಉಪಕರಣ ಬೇಡ.

ಮೊದಲ ಅವಧಿ: ಪರಿಚಯ ಮತ್ತು ಅಳತೆ

ಎರಡು ಹೆಡ್ಡುಗಳನ್ನು ಮೇಜಿನ ಮೇಲಿಟ್ಟು "ಇದೇನು?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಲ್ಲದೆಯೇ ಉತ್ತರಿಸಿದ: "ಹೆಡ್ ಸರ್. ಹಂಡ್ರೆಡ್ ಸಿಸಿದು." ಅವನನ್ನೇ ಮುಂದೆ ಕರೆದು ಭಾಗಗಳನ್ನು ತೋರಿಸಲು ಹೇಳಿದೆ. ಕಾರ್ಬೊರೇಟರಿನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುವ ಇನ್‌ಟೇಕ್ ಪೋರ್ಟ್, ಹೊಗೆ ಸೈಲೆನ್ಸರಿಗೆ ಹೋಗುವ ಎಕ್ಸಾಸ್ಟ್ ಪೋರ್ಟ್, ವಾಲ್ವ್, ವಾಲ್ವ್ ಬಂದು ಕೂರುವ ಸೀಟ್ ರಿಂಗ್ ಎಲ್ಲವನ್ನೂ ಅವನೇ ತೋರಿಸಿದ. ಅಲ್ಯೂಮಿನಿಯಂ ಎರಕ ಹೊಯ್ದಾಗ ಉಳಿದ ಗೆರೆ, ಸೀಟ್ ರಿಂಗಿನ ಕೆಳಗೆ ಬೆರಳಿಗೆ ಸಿಗುವ ಮೆಟ್ಟಿಲು ಇವೆಲ್ಲ ಗಾಳಿಗೆ ಅಡ್ಡಿ. ಇಂಥ ಕಡೆ ಲೋಹ ತೆಗೆದು ದಾರಿ ಸುಗಮ ಮಾಡುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ ಎಂದು ನಾನು ಸೇರಿಸಿದೆ.

"ಯೆಜ್ಡಿಗೂ ಮಾಡ್ತಾರಲ್ಲ ಸರ್?" ಎಂದು ಇನ್ನೊಬ್ಬ ಕೇಳಿದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಹಳೆಯ ಬೈಕುಗಳು ಟೂ-ಸ್ಟ್ರೋಕ್. ಅವುಗಳ ಪೋರ್ಟುಗಳು ಸಿಲಿಂಡರಿನ ಗೋಡೆಯಲ್ಲೇ ಇರುತ್ತವೆ, ಹೆಡ್ಡಿನಲ್ಲಿ ಈ ತರಹದ ವಾಲ್ವ್ ಇರುವುದಿಲ್ಲ, ನಾವು ನೋಡುತ್ತಿರುವುದು ಫೋರ್-ಸ್ಟ್ರೋಕ್ ಹೆಡ್ ಎಂದು ವ್ಯತ್ಯಾಸ ತಿಳಿಸಿದೆ.

ನಂತರ ಗುಂಪುಗಳು ವರ್ನಿಯರ್ ಹಿಡಿದು ಅಳೆದವು. ಫಲಿತಾಂಶ:
ಮೂಲ ಹೆಡ್, ಇನ್‌ಟೇಕ್ ಪೋರ್ಟಿನ ನಡುಭಾಗದ ವ್ಯಾಸ: 20 ಮಿ.ಮೀ., ವಿಸ್ತೀರ್ಣ 314 ಚ.ಮಿ.ಮೀ.
ನಾನು ಕೊರೆದ ಹೆಡ್, ಅದೇ ಜಾಗ: 23 ಮಿ.ಮೀ., ವಿಸ್ತೀರ್ಣ 415 ಚ.ಮಿ.ಮೀ.
ಎರಡರಲ್ಲೂ ಸೀಟ್ ರಿಂಗಿನ ಒಳವ್ಯಾಸ: 21 ಮಿ.ಮೀ., ವಿಸ್ತೀರ್ಣ 346 ಚ.ಮಿ.ಮೀ.
ವಾಲ್ವ್ ತಲೆಯ ವ್ಯಾಸ: 24 ಮಿ.ಮೀ.

ವ್ಯಾಸ 3 ಮಿ.ಮೀ. ಹೆಚ್ಚಿದರೆ ವಿಸ್ತೀರ್ಣ 32 ಪ್ರತಿಶತ ಹೆಚ್ಚುತ್ತದೆ ಎಂಬುದೇ ಮಕ್ಕಳಿಗೆ ಆಶ್ಚರ್ಯ. ತ್ರಿಜ್ಯದ ವರ್ಗ ಎಂದರೇನು ಎಂಬುದು ಆ ದಿನ ಬೆರಳಿಗೆ ಸಿಕ್ಕಿತು.

ಅವಧಿಯ ಕೊನೆಗೆ "ಯಾವ ಹೆಡ್ಡಿನಲ್ಲಿ ಗಾಳಿ ಹೆಚ್ಚು ಹೋಗುತ್ತದೆ?" ಎಂದು ಊಹೆ ಬರೆಯಿಸಿದೆ. 38ರಲ್ಲಿ 35 ಮಂದಿ ದೊಡ್ಡದು ಎಂದು ಬರೆದರು. ಇಲ್ಲಿ ನಾನು ತಪ್ಪು ಮಾಡಿದೆ. ಅಪ್ಪನ ಬೈಕಿನ ಕಥೆ ಹೇಳಿ, "ನಾಳೆ ನೋಡಿ, ದೊಡ್ಡದರಲ್ಲಿ ಗಾಳಿ ಕಡಿಮೆ ಹೋಗುತ್ತದೆ" ಎಂದು ಅಳೆಯುವ ಮೊದಲೇ ಉತ್ತರ ಹೇಳಿಬಿಟ್ಟೆ.

ಎರಡನೇ ಅವಧಿ: ಹರಿವಿನ ಪರೀಕ್ಷೆ

ಎರಡೂ ಹೆಡ್ಡುಗಳಿಗೆ ಅದೇ ವಾಲ್ವ್ ಹಾಕಿ, 2, 4, 6 ಮಿ.ಮೀ. ತೆರೆದು ಅಳೆದೆವು. ಒಬ್ಬಳು ಮೊದಲ ಕೊಳವೆ ನೋಡಿ "ಇಪ್ಪತ್ತೈದು" ಎಂದು ಕೂಗುವುದು, ಇನ್ನೊಬ್ಬ ಎರಡನೆಯದನ್ನು ಓದುವುದು, ಮತ್ತೊಬ್ಬ ಕಪ್ಪುಹಲಗೆಯಲ್ಲಿ ಬರೆಯುವುದು.

ಎರಡನೇ ಕೊಳವೆಯ ವ್ಯತ್ಯಾಸ, ಸೆಂ.ಮೀ.ಗಳಲ್ಲಿ, ಕಂಸದಲ್ಲಿ ಅದರ ವರ್ಗಮೂಲ:
2 ಮಿ.ಮೀ. ತೆರೆದಾಗ: ಮೂಲ ಹೆಡ್ 4.0 (2.0), ಕೊರೆದ ಹೆಡ್ 4.0 (2.0)
4 ಮಿ.ಮೀ. ತೆರೆದಾಗ: ಮೂಲ ಹೆಡ್ 12.3 (3.5), ಕೊರೆದ ಹೆಡ್ 13.0 (3.6)
6 ಮಿ.ಮೀ. ತೆರೆದಾಗ: ಮೂಲ ಹೆಡ್ 16.0 (4.0), ಕೊರೆದ ಹೆಡ್ 19.4 (4.4)

ಕಪ್ಪುಹಲಗೆ ನೋಡಿದಾಗ ನನಗೆ ಬೆವರು ಬಂತು. ಕೊರೆದ ಹೆಡ್ಡಿನಲ್ಲಿ ಗಾಳಿ ಕಡಿಮೆ ಹೋಗಿರಲಿಲ್ಲ. ಪೂರ್ತಿ ತೆರೆದಾಗ 10 ಪ್ರತಿಶತ ಹೆಚ್ಚೇ ಹೋಗಿತ್ತು.

"ಎಲ್ಲೋ ಗಾಳಿ ಸೋರುತ್ತಿದೆ" ಎಂದೆ. ಎಂ-ಸೀಲ್ ಒತ್ತಿ, ಟೇಪ್ ಸುತ್ತಿ ಮತ್ತೆ ಅಳೆಯಿಸಿದೆ. ಅದೇ ಉತ್ತರ. ಹಿಂದಿನ ಬೆಂಚಿನ ಹುಡುಗ ಆಗ ಕೇಳಿದ: "ಸರ್, ಗಾಳಿ ಜಾಸ್ತಿ ಹೋಗ್ತಾ ಇದ್ರೆ ನಿಮ್ಮಪ್ಪನ ಬೈಕ್ ಯಾಕೆ ಎಳೀಲಿಲ್ಲ?"

ತರಗತಿ ಸುಮ್ಮನಾಯಿತು. ಹಿಂದೆ ಕೂತಿದ್ದ ಮಾರ್ಗದರ್ಶಕ ಮೇಡಂ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಉಪಕರಣ ಸರಿಯಿಲ್ಲ ಎಂದು ಹೇಳಿ ಮುಗಿಸುವುದು ಸುಲಭವಿತ್ತು. ಆದರೆ ಎರಡು ಸಲ ಅಳೆದದ್ದು ಮಕ್ಕಳೇ. "ನನಗೆ ಗೊತ್ತಿಲ್ಲ. ನಾನು ಇಷ್ಟು ವರ್ಷ ತಪ್ಪು ಕಾರಣ ನಂಬಿದ್ದೆ ಅನ್ನಿಸುತ್ತದೆ. ನಾಳೆ ಎಲ್ಲರೂ ಸೇರಿ ಲೆಕ್ಕ ಹಾಕೋಣ" ಎಂದೆ. ಎರಡನೇ ಸಾಲಿನ ಒಬ್ಬ ಹುಡುಗಿ "ಯಾವ ಸ್ಪೀಡಲ್ಲಿ ಎಳೀಲಿಲ್ಲ ಸರ್? ಎಲ್ಲಾ ಸ್ಪೀಡಲ್ಲೂನಾ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಅಳಿಸದೆ ಬಿಟ್ಟೆವು.

ಅವಧಿಯ ನಂತರ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಎರಡನೇ ಹೆಡ್ಡನ್ನು ಮೊದಲೇ ಅಳೆದು ನೋಡಿದ್ರಾ?" ಇಲ್ಲ. ಉಪಕರಣ ಕೆಲಸ ಮಾಡುತ್ತದೆಯೇ ಎಂದು ಹಾಸ್ಟೆಲಿನಲ್ಲಿ ಮೂಲ ಹೆಡ್ ಮಾತ್ರ ಇಟ್ಟು ನೋಡಿದ್ದೆ. ಇನ್ನೊಂದರ ಉತ್ತರ ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಮೂರನೇ ಅವಧಿ: ಲೆಕ್ಕ

ಮೊದಲ ಲೆಕ್ಕ: ಅತಿ ಕಿರಿದಾದ ಜಾಗ ಯಾವುದು?

ವಾಲ್ವ್ ಇಳಿದಾಗ ಅದರ ಅಂಚಿಗೂ ಸೀಟಿಗೂ ನಡುವೆ ಸುತ್ತಲೂ ಒಂದು ಸಂದಿ ಆಗುತ್ತದೆ. ಅದಕ್ಕೆ ಕಾಗದದ ಪಟ್ಟಿ ಸುತ್ತಿ ತೋರಿಸಿದೆ. ಪಟ್ಟಿ ಬಿಚ್ಚಿದರೆ ಆಯತ. ಸುತ್ತಿದರೆ ಸಿಲಿಂಡರಿನ ವಕ್ರ ಮೇಲ್ಮೈ. ವಿಸ್ತೀರ್ಣ = ಪೈ × ವಾಲ್ವ್ ವ್ಯಾಸ × ತೆರೆದ ಎತ್ತರ. ಸೀಟಿನ ಓರೆಯನ್ನು ಬಿಟ್ಟು ಸರಳವಾಗಿ ಲೆಕ್ಕ ಹಾಕಿದೆವು.
2 ಮಿ.ಮೀ.ಗೆ: 3.14 × 24 × 2 = 151 ಚ.ಮಿ.ಮೀ.
4 ಮಿ.ಮೀ.ಗೆ: 301 ಚ.ಮಿ.ಮೀ.
6 ಮಿ.ಮೀ.ಗೆ: 452 ಚ.ಮಿ.ಮೀ.

ಈಗ ಮಕ್ಕಳೇ ಹೇಳಿದರು. 2 ಮಿ.ಮೀ. ತೆರೆದಾಗ ವಾಲ್ವಿನ ಸಂದಿಯೇ ಅತಿ ಕಿರಿದು; ಹಿಂದಿನ ಪೋರ್ಟ್ 314 ಇದ್ದರೂ 415 ಇದ್ದರೂ ಒಂದೇ. ಆದ್ದರಿಂದಲೇ ಎರಡರಲ್ಲೂ 4.0 ಬಂತು. 6 ಮಿ.ಮೀ.ಗೆ ಬಂದಾಗ ಮೂಲ ಹೆಡ್ಡಿನಲ್ಲಿ 314ರ ಪೋರ್ಟೇ ತಡೆ. ಕೊರೆದ ಹೆಡ್ಡಿನಲ್ಲಿ ಪೋರ್ಟ್ 415 ಆಗಿದ್ದರೂ ಸೀಟ್ ರಿಂಗ್ 346ರಲ್ಲೇ ನಿಂತಿದೆ. 346ನ್ನು 314ರಿಂದ ಭಾಗಿಸಿದರೆ 1.10. ಅಳತೆಯಲ್ಲಿ ಬಂದ ಹೆಚ್ಚಳವೂ 10 ಪ್ರತಿಶತ. ಇಷ್ಟು ನಿಖರವಾಗಿ ಹೊಂದಿದ್ದು ಸ್ವಲ್ಪ ಅದೃಷ್ಟವೂ ಹೌದು ಎಂದು ನಾನು ಎಚ್ಚರಿಸಿದೆ. ಕೊಳವೆ ಓದುವಾಗ 2 ಮಿ.ಮೀ. ಹೆಚ್ಚುಕಡಿಮೆ ಆಗುವುದು ಸಹಜ. ಆದರೂ ಎರಡು ರಾತ್ರಿ ಕೊರೆದ ಲೋಹದ ಹೆಚ್ಚಿನ ಪಾಲು ವ್ಯರ್ಥ ಎಂಬುದು ಸ್ಪಷ್ಟವಾಯಿತು.

ಮಕ್ಕಳು ಇನ್ನೊಂದನ್ನೂ ಕಂಡುಕೊಂಡರು. ವಾಲ್ವಿನ ಸಂದಿಯ ವಿಸ್ತೀರ್ಣ ವಾಲ್ವ್ ತಲೆಯ ವಿಸ್ತೀರ್ಣಕ್ಕೆ ಸಮನಾಗುವುದು ಯಾವಾಗ? ಎರಡು ಸೂತ್ರಗಳನ್ನು ಸಮೀಕರಿಸಿದರೆ ಎತ್ತರ = ವ್ಯಾಸದ ನಾಲ್ಕನೇ ಒಂದು ಭಾಗ. 24ಕ್ಕೆ 6 ಮಿ.ಮೀ.

ಎರಡನೇ ಲೆಕ್ಕ: ಗಾಳಿ ಎಷ್ಟು ವೇಗವಾಗಿ ಹೋಗುತ್ತದೆ?

ಬೋರ್ 50 ಮಿ.ಮೀ., ಸ್ಟ್ರೋಕ್ 49.5 ಮಿ.ಮೀ. ಘನಫಲ 97.2 ಘನ ಸೆಂ.ಮೀ. "ಹಂಡ್ರೆಡ್ ಸಿಸಿ ಅಂದ್ರೆ ನೂರು ಇಲ್ವಾ!" ಎಂದು ಒಬ್ಬ ಉದ್ಗರಿಸಿದ. ಪಿಸ್ಟನ್ ಕೆಳಗಿಳಿಯುವ ಅರ್ಧ ಸುತ್ತಿನಲ್ಲಿ ಸಿಲಿಂಡರ್ ಪೂರ್ತಿ ತುಂಬುತ್ತದೆ ಎಂದು ಸರಳವಾಗಿ ಇಟ್ಟುಕೊಂಡೆವು. ನಿಮಿಷಕ್ಕೆ 3000 ಸುತ್ತು ಎಂದರೆ ಅರ್ಧ ಸುತ್ತಿಗೆ 0.01 ಸೆಕೆಂಡ್. ಹರಿವು ಸೆಕೆಂಡಿಗೆ 9720 ಘನ ಸೆಂ.ಮೀ.
20 ಮಿ.ಮೀ. ಪೋರ್ಟಿನಲ್ಲಿ ವೇಗ: 9720 ÷ 3.14, ಅಂದರೆ ಸೆಕೆಂಡಿಗೆ ಸುಮಾರು 31 ಮೀಟರ್.
23 ಮಿ.ಮೀ. ಪೋರ್ಟಿನಲ್ಲಿ: 9720 ÷ 4.15, ಅಂದರೆ ಸೆಕೆಂಡಿಗೆ ಸುಮಾರು 23 ಮೀಟರ್.

ಅದೇ ನಿಮಿಷಕ್ಕೆ 8000 ಸುತ್ತಿನಲ್ಲಿ ಮೂಲ ಪೋರ್ಟಿನ ವೇಗ ಸೆಕೆಂಡಿಗೆ ಸುಮಾರು 82 ಮೀಟರ್, ಕೊರೆದದ್ದರಲ್ಲಿ 62.

ವೇಗ ಯಾಕೆ ಮುಖ್ಯ? ಪಿಸ್ಟನ್ ಕೆಳಗೆ ತಲುಪಿ ಮತ್ತೆ ಮೇಲೇರಲು ಶುರುಮಾಡಿದ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ವೇಗವಾಗಿ ನುಗ್ಗುತ್ತಿರುವ ಗಾಳಿ ತನ್ನ ಜಡತ್ವದಿಂದ ಆಗಲೂ ಒಳಗೆ ತುಂಬಿಕೊಳ್ಳುತ್ತದೆ. ನಿಧಾನವಾದ ಗಾಳಿಯನ್ನು ಪಿಸ್ಟನ್ ಹಿಂದಕ್ಕೆ ತಳ್ಳುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತ. ಹಾಗಾಗಿ ದೊಡ್ಡ ಪೋರ್ಟಿನಲ್ಲಿ ಪ್ರತಿ ಗ್ರಾಂ ಗಾಳಿಯ ಚಲನಶಕ್ತಿ ಮೊದಲಿನದರ ಸುಮಾರು 57 ಪ್ರತಿಶತ ಮಾತ್ರ. ಜೊತೆಗೆ ನಿಧಾನವಾದ ಗಾಳಿ ಪೆಟ್ರೋಲಿನ ಹನಿಗಳನ್ನು ಚೆನ್ನಾಗಿ ಹೊತ್ತೊಯ್ಯುವುದಿಲ್ಲ. ಅವು ಗೋಡೆಗೆ ಅಂಟಿ ಮಿಶ್ರಣ ಕೆಡುತ್ತದೆ. ನಾನು ಕನ್ನಡಿಯಂತೆ ಉಜ್ಜಿದ್ದೂ ಇದಕ್ಕೆ ಸಹಾಯ ಮಾಡಲಿಲ್ಲ.

ಮೂಲೆಯಲ್ಲಿ ಬರೆದಿದ್ದ ಪ್ರಶ್ನೆಗೆ ಈಗ ಉತ್ತರ ಬಂತು. ಕಡಿಮೆ ಸುತ್ತಿನಲ್ಲಿ, ಭಾರ ಹೊತ್ತು ಏರು ಹತ್ತುವಾಗ ಬೈಕ್ ಸೋತಿತ್ತು. ಹೆಚ್ಚು ಸುತ್ತಿನಲ್ಲಿ ಅದು ಗೆದ್ದಿರಲೂಬಹುದು. ಅಪ್ಪನಿಗೆ ಬೇಕಾಗಿದ್ದು ಮೊದಲನೆಯದು.

ವಿಸ್ತರಣೆ: ಕಡಿಮೆ ಖರ್ಚಿನ ಪೋರ್ಟಿಂಗ್ ಹೇಗಿರಬೇಕು?

ಮುಂದಿನ ಶನಿವಾರ ಮೂಲ ಹೆಡ್ಡಿಗೆ ಗ್ರೈಂಡರ್ ಮುಟ್ಟಿಸದೆ, 30 ರೂಪಾಯಿಯ ಎಮರಿ ಪೇಪರಿನಲ್ಲೇ ಕೈಯಿಂದ ಕೆಲಸ ಮಾಡಿದೆ. ಮಕ್ಕಳು ಮತ್ತೆ ಅಳೆದರು. 2 ಮಿ.ಮೀ.ಗೆ 4.4, 4 ಮಿ.ಮೀ.ಗೆ 13.4, 6 ಮಿ.ಮೀ.ಗೆ 17.2. ವರ್ಗಮೂಲ ತೆಗೆದರೆ ಹರಿವು ಕ್ರಮವಾಗಿ ಸುಮಾರು 5, 4 ಮತ್ತು 4 ಪ್ರತಿಶತ ಹೆಚ್ಚಿದೆ. 2 ಮಿ.ಮೀ.ಯ ಹೆಚ್ಚಳದಲ್ಲಿ ಓದುವ ತಪ್ಪಿನ ಪಾಲೂ ಇರಬಹುದು. ಆದರೆ ಪೋರ್ಟಿನ ವ್ಯಾಸ 20 ಮಿ.ಮೀ. ಆಗಿಯೇ ಉಳಿಯಿತು, ಅಂದರೆ ಗಾಳಿಯ ವೇಗ ಕಳೆದುಕೊಳ್ಳಲಿಲ್ಲ. ಅನುಸರಿಸಿದ ಕ್ರಮ:

1. ಮುಟ್ಟುವ ಮೊದಲು ಅಳೆದು ಬರೆದಿಟ್ಟುಕೊಳ್ಳಬೇಕು. ತೆಗೆದ ಲೋಹ ವಾಪಸ್ ಬರುವುದಿಲ್ಲ.
2. ಕಾರ್ಬನ್ನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಕಡ್ಡಿ ಅಥವಾ ಹಿತ್ತಾಳೆ ಬ್ರಷ್ಷಿನಿಂದ ತೆಗೆಯಬೇಕು. ಉಕ್ಕಿನ ಸಲಕರಣೆ ಅಲ್ಯೂಮಿನಿಯಂ ಮೇಲೆ ಗೀರು ಹಾಕುತ್ತದೆ.
3. ಎರಕದ ಗೆರೆ ಮತ್ತು ಸೀಟ್ ರಿಂಗಿನ ಕೆಳಗಿನ ಮೆಟ್ಟಿಲನ್ನು ಮಾತ್ರ, ಪೆನ್ಸಿಲಿಗೆ ಎಮರಿ ಸುತ್ತಿ, ಬೆರಳಿಗೆ ಸಿಗದಷ್ಟು ನಯಮಾಡಬೇಕು. ಹೆಚ್ಚಿನ ಲಾಭ ಇರುವುದು ಇಲ್ಲೇ.
4. ಮ್ಯಾನಿಫೋಲ್ಡ್, ಪ್ಯಾಕಿಂಗ್, ಪೋರ್ಟ್ ಈ ಮೂರರ ಬಾಯಿ ಒಂದಕ್ಕೊಂದು ಹೊಂದುತ್ತವೆಯೇ ನೋಡಬೇಕು. ಒಳಕ್ಕೆ ಚಾಚಿದ ಪ್ಯಾಕಿಂಗ್ ಕತ್ತರಿಸಲು ಬ್ಲೇಡ್ ಸಾಕು.
5. ಸೀಟಿನ ಮುಖ, ವಾಲ್ವ್ ಗೈಡ್, ಪೋರ್ಟ್ ತಿರುಗುವ ಕಡೆಯ ಒಳಬಾಗು ಇವನ್ನು ಮುಟ್ಟಬಾರದು.
6. ಗ್ರೈಂಡರ್ ಬಳಸಲೇಬೇಕಾದರೆ ಅಲ್ಯೂಮಿನಿಯಂಗೆಂದೇ ಇರುವ ಅಗಲ ಹಲ್ಲಿನ ಬಿಟ್ ಬೇಕು. ಸಾಮಾನ್ಯ ಕಲ್ಲಿಗೆ ಅಲ್ಯೂಮಿನಿಯಂ ಮೆತ್ತಿಕೊಂಡು ಜಾರುತ್ತದೆ. ಕನ್ನಡಕ, ಮಾಸ್ಕ್ ಕಡ್ಡಾಯ.
7. ಕೊನೆಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವನ್ನು ಕೈಯಿಂದ ಕೂರಿಸಿ, ಪೋರ್ಟಿಗೆ ಸೀಮೆಎಣ್ಣೆ ಹಾಕಿ ಸೋರುತ್ತದೆಯೇ ನೋಡಬೇಕು. ಪೇಸ್ಟಿನ ಒಂದು ಕಣವೂ ಉಳಿಯದಂತೆ ಸೋಪುನೀರಿನಲ್ಲಿ ತೊಳೆಯಬೇಕು.

ಮಕ್ಕಳ ಕೈಗೆ ಅಳತೆಯ ಕೆಲಸ ಮಾತ್ರ ಕೊಟ್ಟೆ. ಈ ಹೆಡ್ಡನ್ನು ಯಾವ ಬೈಕಿಗೂ ಹಾಕುವುದಿಲ್ಲ ಎಂದೂ ಸ್ಪಷ್ಟಪಡಿಸಿದೆ. ಅವರಿಗಿನ್ನೂ ಲೈಸೆನ್ಸ್ ವಯಸ್ಸಾಗಿಲ್ಲ. ಜೊತೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳು ಬದಲಾಗುವಂತಹ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ ಎಂಬುದನ್ನೂ ತಿಳಿಸಿದೆ.

ಮೌಲ್ಯಮಾಪನ

ಕೇಳಿದ ಪ್ರಶ್ನೆಗಳು:
1. 26 ಮಿ.ಮೀ. ವ್ಯಾಸದ ವಾಲ್ವ್ 5 ಮಿ.ಮೀ. ತೆರೆದಾಗ ಸಂದಿಯ ವಿಸ್ತೀರ್ಣ ಎಷ್ಟು?
2. ಪೋರ್ಟಿನ ವ್ಯಾಸ ಎರಡು ಪಟ್ಟಾದರೆ, ಹರಿವು ಅಷ್ಟೇ ಇದ್ದಾಗ ವೇಗ ಎಷ್ಟಾಗುತ್ತದೆ?
3. ಹಾಲು ಹಾಕುವವರ ಬೈಕಿಗೂ ರೇಸ್ ಬೈಕಿಗೂ ಒಂದೇ ಅಳತೆಯ ಪೋರ್ಟ್ ಸರಿಯೇ? ಕಾರಣ ಕೊಡಿ.

ಮೊದಲನೆಯದಕ್ಕೆ 31 ಮಂದಿ ಸರಿ ಉತ್ತರಿಸಿದರು. ಎರಡನೆಯದಕ್ಕೆ 19 ಮಂದಿ ಮಾತ್ರ. ಉಳಿದವರಲ್ಲಿ ಬಹಳಷ್ಟು ಜನ "ಅರ್ಧ" ಎಂದು ಬರೆದಿದ್ದಾರೆ. ವ್ಯಾಸ ಮತ್ತು ವಿಸ್ತೀರ್ಣದ ಗೊಂದಲ ಇನ್ನೂ ಉಳಿದಿದೆ. ಪರಿಹಾರ ಬೋಧನೆ ಬೇಕು. ಮೂರನೆಯದಕ್ಕೆ ಹಿಂದಿನ ಬೆಂಚಿನ ಹುಡುಗ ಅರ್ಧ ಪುಟ ಬರೆದಿದ್ದ. ಕಾಗುಣಿತದ ತಪ್ಪುಗಳಿದ್ದವು, ಕಾರಣ ಸರಿಯಿತ್ತು. ಮೊದಲನೇ ಲೆಕ್ಕದಲ್ಲಿ ಗುಣಾಕಾರ ತಪ್ಪಿದ್ದಾನೆ. ಒಂದು ಪಾಠದಿಂದ ಅವನ 6 ಅಂಕ 20 ಆಗುವುದಿಲ್ಲ. ಆದರೆ ಮರುದಿನ ಅವನು ಗ್ಯಾರೇಜಿನಿಂದ ಇನ್ನೊಂದು ವಾಲ್ವ್ ತಂದು, "ಇದರದ್ದು ಎಷ್ಟು ಬರುತ್ತೆ ನೋಡೋಣ ಸರ್" ಎಂದ.

ಪ್ರತಿಫಲನ

ಮೇಡಂ ನನ್ನ ವೀಕ್ಷಣಾ ಪುಸ್ತಕದಲ್ಲಿ ಎರಡು ವಿಷಯ ಬರೆದರು. ಅಳತೆಗೆ ಮೊದಲೇ ಉತ್ತರ ಹೇಳಿದ್ದು ತಪ್ಪು. ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದು ಸರಿ. ಎರಡನ್ನೂ ಒಪ್ಪುತ್ತೇನೆ. ಇನ್ನೊಮ್ಮೆ ಈ ಪಾಠ ಮಾಡಿದರೆ ಎಲ್ಲ ಅಳತೆಯನ್ನೂ ನಾನು ಮೊದಲೇ ಮಾಡಿಕೊಂಡು ಬರುತ್ತೇನೆ, ಆದರೆ ತರಗತಿಯಲ್ಲಿ ಹೇಳುವುದಿಲ್ಲ. ಬೈಕಿನ ಕಥೆಯನ್ನೂ ಅಳತೆಯ ನಂತರವೇ ಹೇಳುತ್ತೇನೆ. ವರ್ಗಮೂಲದ ಹಂತಕ್ಕೆ ಹೆಚ್ಚು ಸಮಯ ಬೇಕು. ಮೂರರ ಬದಲು ನಾಲ್ಕು ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು.

ಪಾಠ ಮುಗಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಆ ಹೆಡ್ಡಿನಲ್ಲಿ ಗಾಳಿ ಕಡಿಮೆಯಾಗಿರಲಿಲ್ಲ, ಏರಿನಲ್ಲಿ ಮಾತ್ರ ಅದು ಸೋಲುತ್ತಿತ್ತು ಎಂದು ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಖಾಲಿ ಕ್ಯಾನ್ ಹಾಕ್ಕೊಂಡು ವಾಪಸ್ ಬರೋವಾಗ ಮೇನ್ ರೋಡಲ್ಲಿ ಮೊದಲಿಗಿಂತ ಜೋರಾಗಿ ಓಡ್ತದೆ ಅಂತ ಆವತ್ತೇ ಹೇಳಿದ್ನಲ್ಲೋ" ಎಂದರು.

ಹೇಳಿದ್ದರು. ನನಗೆ ಸಮಾಧಾನವಾಗಲಿ ಎಂದು ಹೇಳುತ್ತಿದ್ದಾರೆ ಅಂದುಕೊಂಡು ನಾನು ಕೇಳಿಸಿಕೊಂಡಿರಲಿಲ್ಲ. ಅದೊಂದು ಅಳತೆ ಎಂದು ತಿಳಿಯಲು ಐದು ವರ್ಷ ಮತ್ತು 38 ಮಕ್ಕಳು ಬೇಕಾದರು.